ಹೆಸರಿಟ್ಟ ಮಗ್ಗಗಳೂ ನಮ್ಮ ಮನೆಯವರೂ

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಲೇಬೇಕಾದರೆ ಒಡಪು ಹಾಕಿ, ನಾಲ್ಕು ಸಾಲು ಸುತ್ತಾಡಿಸಿ, ಕೊನೆಗೆ ಮೆಲ್ಲಗೆ ಹೇಳಬೇಕು. ಬರೆಯುವುದಕ್ಕೆ ಅಂಥ ಕಟ್ಟಳೆ ಯಾರೂ ಹಾಕಿಲ್ಲ, ಬಹುಶಃ ನಾವು ಬರೆಯುತ್ತೇವೆ ಅಂತ ಯಾರಿಗೂ ಅನಿಸಿರಲಿಲ್ಲ. ಹಾಗಾಗಿ ಒಂದೇ ಸಲ ಬರೆದು ಕೈ ತೊಳೆದುಕೊಳ್ಳುತ್ತೇನೆ: ಸಿದ್ರಾಮ. ಇನ್ನು ಮುಂದೆ ಅವರು ನಮ್ಮ ಮನೆಯವರು.

ನಮ್ಮ ಮನೆಯವರು ಇಚಲಕರಂಜಿಯಲ್ಲಿ ಬಾಪೂಸಾಹೇಬರ ನೇಯ್ಗೆ ಶೆಡ್ಡಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಾರೆ. ಅದೇ ಶೆಡ್ಡಿನ ಡಿಸೈನ್ ಕೋಣೆಯಲ್ಲಿ ನಾನು ಕಂಪ್ಯೂಟರಿನ ಮೇಲೆ ಸೀರೆಯ ಅಂಚು, ಚಾದರದ ಚೌಕಳಿ ಬಿಡಿಸುತ್ತೇನೆ. ಗಂಡ ಹೆಂಡತಿ ಒಂದೇ ಕಡೆ ದುಡಿದರೆ ಸಂಸಾರ ಸುಖವಾಗಿರುತ್ತದೆ ಅಂತ ಹೇಳುವವರು ಒಂದು ವಾರ ಬಂದು ನೋಡಬೇಕು. ಮನೆಯಲ್ಲಿ ಮುಗಿಯದ ಜಗಳ ಶೆಡ್ಡಿನಲ್ಲಿ, ಶೆಡ್ಡಿನಲ್ಲಿ ಮುಗಿಯದ್ದು ಮನೆಯಲ್ಲಿ. ಆದರೆ ಅವರು ಜಗಳಕ್ಕೆ ಸಿಗುವ ಆಸಾಮಿಯಲ್ಲ. ನಾನು ಇಷ್ಟುದ್ದ ಮಾತಾಡಿದರೆ ಅವರು ನಕ್ಕು, "ಚಾ ಮಾಡ್ಲ್ಯಾ?" ಅನ್ನುತ್ತಾರೆ. ಸಿಟ್ಟು ಬಂದವರಿಗೆ ಇದಕ್ಕಿಂತ ದೊಡ್ಡ ತ್ರಾಸು ಇನ್ನೊಂದಿಲ್ಲ.

ಅವರ ಹಿರಿಯರು ಬನಹಟ್ಟಿಯ ಕಡೆಯಿಂದ ಮಗ್ಗ ಹುಡುಕಿಕೊಂಡು ಬಂದವರು. ತಾಯಿ ಚಂಪಾಬಾಯಿ ಇದೇ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಕೂಸನ್ನು ಕಂಡಿಕೆಯ ಬುಟ್ಟಿಯಲ್ಲೇ ಮಲಗಿಸಿ ಕೆಲಸ ಮಾಡುತ್ತಿದ್ದರಂತೆ. ಆ ಸಪ್ಪಳದಲ್ಲಿ ಬೆಳೆದದ್ದಕ್ಕೋ ಏನೋ ನಮ್ಮ ಮನೆಯವರಿಗೆ ಈಗಲೂ ಮೆಲ್ಲಗೆ ಮಾತಾಡಲು ಬರುವುದಿಲ್ಲ. ದೊಡ್ಡವರಾದ ಮೇಲೆ ಕೇಬಲ್ ಟೀವಿಯವರ ಕೈಕೆಳಗೆ ಕಂಬ ಹತ್ತಿ ವಾಯರ್ ಎಳೆದರು. ಕೇಬಲ್ ಹೋಗಿ ಇಂಟರ್‌ನೆಟ್ ಬಂತು, ಇವರೂ ಕೊಲ್ಹಾಪುರಕ್ಕೆ ಹೋಗಿ ಒಂದು ಕ್ಲಾಸು ಮಾಡಿ ಬಂದರು. ಕಂಬದ ಮೇಲಿಂದ ಕುರ್ಚಿಗೆ ಇಳಿದ ಮೇಲೆ ಹೊಟ್ಟೆಯೂ ಬಂತು.

ಇನ್ನು ನಮ್ಮ ಶೆಡ್ಡಿನ ಎರಡು ಪದ್ಧತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಮೊದಲನೆಯದು, ನಮ್ಮಲ್ಲಿ ಮಗ್ಗಗಳಿಗೆ ನಂಬರ್ ಇಲ್ಲ, ಹೆಸರು ಇದೆ. ಬಾಪೂಸಾಹೇಬರ ತಂದೆ ಶೆಡ್ಡು ಶುರುಮಾಡಿದಾಗ ತಮ್ಮ ಕೈಕೆಳಗೆ ದುಡಿಯುವ ಹೆಂಗಸರ ಹೆಸರನ್ನೇ ಒಂದೊಂದು ಮಗ್ಗಕ್ಕೆ ಇಟ್ಟರು. ಬರೀ ಇಡಲಿಲ್ಲ, ಕೂಸಿಗೆ ಇಟ್ಟಂತೆ ಇಟ್ಟರು. ಹೊಸ ಮಗ್ಗ ಬಂದ ದಿನ ಅರಿಷಿಣ ಕುಂಕುಮ ಹಚ್ಚಿ, ಒಬ್ಬ ಹೆಣ್ಣುಮಗಳು ಅದರ ಹಿಡಿಕೆಯ ಹತ್ತಿರ ಬಾಗಿ ಕುರ್ರ್ ಅಂತ ಹೆಸರು ಹೇಳಬೇಕು, ಉಳಿದವರು ನಗುತ್ತ ಅವಳ ಬೆನ್ನಿಗೆ ಗುದ್ದಬೇಕು. ಹಳೆಯ ಮಗ್ಗ ಗುಜರಿಗೆ ಹೋಗಿ ಮೋಡಕಾದಾಗ ಹೆಸರು ಮಾತ್ರ ಮೋಡಕಾಗುವುದಿಲ್ಲ, ಅದೇ ಜಾಗಕ್ಕೆ ಬಂದ ಹೊಸದಕ್ಕೆ ಹೋಗುತ್ತದೆ. ಈಗಿನವು ಕಂಪ್ಯೂಟರಿನ ಮಗ್ಗಗಳು. ನಾನು ನನ್ನ ಕೋಣೆಯಲ್ಲಿ ಕೂತು ಹೆಸರು ಒತ್ತಿ ಡಿಸೈನ್ ಕಳಿಸಿದರೆ ಅದು ವಾಯರಿನಲ್ಲಿ ಹೋಗಿ ಆ ಮಗ್ಗಕ್ಕೆ ಮುಟ್ಟುತ್ತದೆ.

ಎರಡನೆಯದು ಗಡಿಯಾರ. ಕೆಲಸಗಾರರು ತಡವಾಗಿ ಬರುತ್ತಾರೆ ಅಂತ ಆ ಹಿರಿಯರು ಶೆಡ್ಡಿನ ಗಡಿಯಾರವನ್ನು ಹದಿನೈದು ನಿಮಿಷ ಮುಂದಿಟ್ಟರು. ಅವರು ತೀರಿಕೊಂಡರೂ ಆ ಹದಿನೈದು ನಿಮಿಷ ತೀರಲಿಲ್ಲ. ಗೋಡೆಯ ಗಡಿಯಾರ, ಪಾಳಿಯ ಹೊತ್ತಿಗೆ ಕೂಗುವ ಭೋಂಗಾ, ಹಾಜರಿಯ ಯಂತ್ರ, ಆಫೀಸಿನ ಕಂಪ್ಯೂಟರ್ ಎಲ್ಲವೂ ಶೆಡ್ಡಿನ ಹೊತ್ತಿಗೇ ನಡೆಯುತ್ತವೆ. ಎಲ್ಲರಿಗೂ ಗೊತ್ತಿರುವುದರಿಂದ ತಡವಾಗಿ ಬರುವವರು ಈಗಲೂ ತಡವಾಗಿಯೇ ಬರುತ್ತಾರೆ. ನಮ್ಮ ಮನೆಯವರ ಕೈಗಡಿಯಾರವೂ ಅದೇ ಜಾತಿಯದು. ನಮ್ಮ ಮದುವೆಯ ದಿನ ಅವರು ಮುಂಚೆಯೇ ಬಂದು ಮಂಟಪದಲ್ಲಿ ಕೂತದ್ದನ್ನು ನೋಡಿ, ವರನಿಗೆ ಬಹಳ ಆತುರ ಅಂತ ನಮ್ಮ ಊರೆಲ್ಲ ನಕ್ಕಿತ್ತು.

ಈ ವರ್ಷ ಮಳೆಗಾಲದಲ್ಲಿ ಕೆಲಸ ಕೆಟ್ಟಿತು. ಗುಡುಗು ಮಿಂಚಿಗೆ ಲೈಟು ಹೋಗಿ ಬಂದು, ಕೆಲವು ಮಗ್ಗಗಳ ಒಳಗಿನ ಕಾರ್ಡು ಸುಟ್ಟವು. ಗೋಕುಳ ಶಿರಗಾಂವದಿಂದ ರಿಪೇರಿಯವನು ಬಂದು ಇದರ ಕಾರ್ಡು ಅದಕ್ಕೆ, ಅದರದು ಇದಕ್ಕೆ ಹಾಕಿ ಹೋದ. ಮರುದಿನ ನಾನು ಎಂದಿನಂತೆ "ಚಂಪಾಬಾಯಿ" ಎಂದು ಒತ್ತಿ ಶಾಲೆಯ ಯೂನಿಫಾರ್ಮಿನ ಡಿಸೈನ್ ಕಳಿಸಿದೆ, "ಅನ್ನವ್ವ" ಎಂದು ಒತ್ತಿ ಸೀರೆಯ ಬುಟ್ಟಾ ಕಳಿಸಿದೆ. ಎರಡೂ ಅದಲುಬದಲಾಗಿ ಹೋದವು. ಹುಡುಗರ ಅಂಗಿಯ ಬಟ್ಟೆಯ ತುಂಬ ಸಣ್ಣ ಸಣ್ಣ ಹೂ. ಮಗ್ಗದ ಮುಂದಿದ್ದ ನೇಕಾರ ಅದನ್ನು ನೋಡಿಯೂ ಸುಮ್ಮನಿದ್ದ, ಮಾಲಕರ ಹೊಸ ಫ್ಯಾಶನ್ ಇರಬೇಕು ಅಂದುಕೊಂಡನಂತೆ. ಇಡೀ ಬೀಮಿನ ನೂಲು ಮುಗಿದು ಬಟ್ಟೆ ಕೈಗೆ ಮುಟ್ಟಿದ ಮೇಲೆ ಕೊಲ್ಹಾಪುರದ ವ್ಯಾಪಾರಿ ಫೋನು ಮಾಡಿ, ಇದನ್ನು ತೊಟ್ಟುಕೊಂಡು ಹುಡುಗರು ಶಾಲೆಗೆ ಹೋಗುವುದೋ, ಸೋಬಾನೆ ಹಾಡುವುದಕ್ಕೆ ಹೋಗುವುದೋ ಅಂತ ಕೇಳಿದ.

ಬಾಪೂಸಾಹೇಬರು ಒಳ್ಳೆಯವರು, ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ಎಲ್ಲರನ್ನೂ ಕರೆದು ಹೇಳಿಬಿಟ್ಟರು: ಹೆಸರುಗಳಿಂದಲೇ ಈ ಘೋಟಾಳೆ ಆಗಿದೆ, ದಸರಾ ಮುಗಿದ ಮೇಲೆ ಪೇಂಟರನ್ನು ಕರೆಸಿ ಹೆಸರು ಅಳಿಸಿ ನಂಬರ್ ಬರೆಸುತ್ತೇನೆ, ಒಂದರಿಂದ ಕೊನೆಯವರೆಗೆ.

ನಂಬರ್ ಬರೆದರೂ ಗೊಂದಲ ಅದೇ ಇರುತ್ತದೆ ಅಂತ ನಮ್ಮ ಮನೆಯವರು ಹೇಳಲು ಹೋದರು. ಸಿಟ್ಟಿನಲ್ಲಿದ್ದವರ ಮುಂದೆ ಅಂಥ ಮಾತು ನಡೆಯುವುದಿಲ್ಲ.

ಆಗ ಅನ್ನವ್ವ ಒಂದು ಮೂಲೆಯಲ್ಲಿ ನಿಂತಿದ್ದಳು. ಮಗ್ಗಗಳಿಗೆ ಹೆಸರು ಕೊಟ್ಟ ಅಷ್ಟೂ ಹೆಂಗಸರಲ್ಲಿ ಈಗ ಜೀವಂತ ಉಳಿದವಳು ಅವಳೊಬ್ಬಳೇ. ನಮ್ಮ ಅತ್ತೆ ಚಂಪಾಬಾಯಿಯ ಜೋಡಿ ಕೂತು ಕಂಡಿಕೆ ಸುತ್ತಿದವಳು, ಅತ್ತೆ ತೀರಿಕೊಂಡಾಗ ನಮ್ಮ ಮನೆಯವರಿಗೆ ಉಣ್ಣಿಸಿ ಬೆಳೆಸಿದವಳು. ಅವರು ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಾರೆ. ಈಗ ಅವಳಿಗೆ ಕೆಲಸವೇನೂ ಇಲ್ಲ, ಕಣ್ಣೂ ಮಂದ, ಮೊಣಕಾಲೂ ನೋವು. ಆದರೂ ದಿನಾ ಬರುತ್ತಾಳೆ, ತನ್ನ ಹೆಸರಿನ ಮಗ್ಗವನ್ನು ಸೆರಗಿನಿಂದ ಒರೆಸಿ, ಅದರ ಪಕ್ಕದ ಸ್ಟೂಲಿನ ಮೇಲೆ ಕೂತು, ಸಂಜೆಗೆ ಹೋಗುತ್ತಾಳೆ. ಮಾಲಕರ ಮಾತು ಕೇಳಿ ಅವಳು ಅಳಲಿಲ್ಲ. ಹೊರಗೆ ಬಂದು ನಮ್ಮ ಮನೆಯವರಿಗೆ ಇಷ್ಟೇ ಅಂದಳು:

"ನನಗ ಮಗಾ ಇಲ್ಲ, ಹೊಲಾ ಇಲ್ಲ. ಇಚಲಕರಂಜ್ಯಾಗ ನನ್ನ ಹೆಸರ ಇರೂದು ಇದೊಂದ ಕಡೆ ನೋಡೋ ಸಿದ್ರಾಮ. ಅದನ್ನೂ ವರಸಿದ್ರ ನಾ ಬಂದು ಯಾವುದಕ್ಕ ಕುಂದರ್ಲಿ?"

ನಮ್ಮ ಮನೆಯವರು ಅಂದು ಚಾ ಮಾಡ್ಲ್ಯಾ ಅಂತ ಕೇಳಲಿಲ್ಲ. ಮರುದಿನ ಬಾಪೂಸಾಹೇಬರ ಎದುರು ನಿಂತು ಒಂದು ಮಾತು ತೆಗೆದುಕೊಂಡು ಬಂದರು. ದಸರಾದ ಹಿಂದಿನ ದಿನ ಖಂಡೇನವಮಿಗೆ ಹೇಗೂ ಇಡೀ ಶೆಡ್ಡು ಬಂದ್ ಆಗಿ ಪೂಜೆ ಆಗುತ್ತದೆ, ದಸರಾ ಬೆಳಿಗ್ಗೆ ಎಲ್ಲವನ್ನೂ ಒಮ್ಮೆಗೇ ಚಾಲೂ ಮಾಡೋಣ, ತಾನು ಕೀಬೋರ್ಡ್ ಮುಟ್ಟುವುದಿಲ್ಲ. ಹೆಸರುಗಳೆಲ್ಲ ತಾವಾಗಿ ತಮ್ಮ ತಮ್ಮ ಮಗ್ಗಕ್ಕೆ ಬಂದರೆ ಹೆಸರು ಇರಲಿ, ಒಂದು ತಪ್ಪಿದರೂ ಪೇಂಟರ್ ಬರಲಿ. ಬಾಪೂಸಾಹೇಬರು ಒಪ್ಪಿದರು. ಅವರಿಗೂ ತಂದೆ ಇಟ್ಟ ಹೆಸರು ಅಳಿಸಲು ಮನಸ್ಸಿರಲಿಲ್ಲ ಅಂತ ನನಗೆ ಅನಿಸುತ್ತದೆ, ಆದರೆ ಮಾಲಕರು ಅಂದಮೇಲೆ ಹಾಗೆಲ್ಲ ತೋರಿಸಿಕೊಳ್ಳುವುದಿಲ್ಲ.

ಮಾಡಬೇಕಾದ ಕೆಲಸ ಏನು ಅಂತ ನಮ್ಮ ಮನೆಯವರು ನನಗೆ ಜೋಳದ ರೊಟ್ಟಿ ಮುರಿಯುತ್ತ ತಿಳಿಸಿ ಹೇಳಿದರು. ಒಂದು ಧರ್ಮಶಾಲೆ ಅಂದುಕೋ. ಬಂದವರಿಗೆ ಖೋಲಿ ನಂಬರ್ ಕೊಡುವವನು ಒಬ್ಬ, ಅವನು ಡಿಎಚ್‌ಸಿಪಿ. ಬಾಗಿಲಲ್ಲಿ ಕೂತು, ಇಂಥವರು ಎಲ್ಲಿದ್ದಾರೆ ಅಂತ ಕೇಳಿದರೆ ಹೇಳುವವನು ಇನ್ನೊಬ್ಬ, ಅವನು ಡಿಎನ್‌ಎಸ್. ಮಗ್ಗ ಚಾಲೂ ಆದಾಗ ಮೊದಲಿನವನ ಹತ್ತಿರ ಹೋಗಿ ವಿಳಾಸ ಇಸಿದುಕೊಳ್ಳುತ್ತದೆ. ಲೈಟು ಹೋಗಿ ಬಂದರೆ, ಕಾರ್ಡು ಬದಲಾದರೆ, ಬೇರೆ ವಿಳಾಸ ಸಿಗಬಹುದು. ಆದರೆ ಬಾಗಿಲಿನವನಿಗೆ ಅದು ಗೊತ್ತಿಲ್ಲ, ಅವನು ಹಳೆಯ ಖೋಲಿಯನ್ನೇ ತೋರಿಸುತ್ತಾನೆ. ಇಷ್ಟು ದಿನ ಬಾಗಿಲಿನವನಿಗೆ ಹೊಸ ಖೋಲಿ ಹೇಳುವ ಕೆಲಸವನ್ನು ನಮ್ಮ ಮನೆಯವರು ಕೈಯಿಂದ ಮಾಡುತ್ತಿದ್ದರು, ಮರೆತ ದಿನ ಹುಡುಗರ ಅಂಗಿಯಲ್ಲಿ ಹೂ ಅರಳಿತು. ಇನ್ನು ಖೋಲಿ ಕೊಡುವವನೇ, ಕೊಟ್ಟ ಕ್ಷಣಕ್ಕೆ, ಬಾಗಿಲಿನವನಿಗೆ ಕೂಗಿ ಹೇಳುವಂತೆ ಮಾಡಬೇಕು. ಅದೇ ಡೈನಾಮಿಕ್ ಅಪ್‌ಡೇಟ್.

"ಇಷ್ಟ ಸರಳ ಇದ್ದಿದ್ರ ಮೊದಲ ಯಾಕ ಮಾಡಲಿಲ್ರಿ?" ಅಂದೆ.

"ಮೊದಲ ಹುಡುಗರ ಅಂಗ್ಯಾಗ ಹೂವು ಬಿದ್ದಿರಲಿಲ್ಲಲಾ," ಅಂದರು. ಇಂಥವರ ಜೊತೆ ಹೇಗೆ ಜಗಳ ಆಡುವುದು?

ಮೊದಲು ಒಂದೊಂದು ಮಗ್ಗದ ಹತ್ತಿರ ಹೋಗಿ ಅದರ ಪ್ಯಾನಲಿನಲ್ಲಿ ಅದರ ಹೆಸರು ಬರೆದರು. ಕಾರ್ಡು ಬದಲಾದರೂ ಪ್ಯಾನಲ್ ಮಗ್ಗದ ಜೊತೆಗೇ ಇರುತ್ತದೆ, ಇನ್ನು ವಿಳಾಸ ಕೇಳುವಾಗ ಮಗ್ಗವೇ ತನ್ನ ಹೆಸರು ಹೇಳುತ್ತದೆ. ಆಮೇಲೆ ವಿಳಾಸ ಹಂಚುವುದಕ್ಕೆ ಕೊಲ್ಹಾಪುರದಿಂದ ಒಂದು ಸಣ್ಣ ಪೆಟ್ಟಿಗೆ ತಂದರು. ಹೆಸರು ಹೇಳುವ ಕೆಲಸ ಆಫೀಸಿನ ಹಳೆಯ ಕಂಪ್ಯೂಟರಿನಲ್ಲೇ ಉಳಿಯಿತು. ಯಾರೋ ದಾರಿಹೋಕ ಬಂದು ಸುಳ್ಳು ಹೆಸರು ಹೇಳಬಾರದು ಅಂತ ಎರಡರ ನಡುವೆ ಒಂದು ಗುಪ್ತ ಕೀಲಿ ಇಟ್ಟರು. ಪೆಟ್ಟಿಗೆ ಪ್ರತಿ ಮಾತಿಗೂ ಆ ಕೀಲಿಯಿಂದ ಸಹಿ ಹಾಕಬೇಕು, ಕಂಪ್ಯೂಟರ್ ಸಹಿ ನೋಡಿ ಒಪ್ಪಬೇಕು.

ಕಂಪ್ಯೂಟರ್ ಒಪ್ಪಲಿಲ್ಲ.

ಮಗ್ಗ ವಿಳಾಸ ಕೇಳುತ್ತದೆ, ಪೆಟ್ಟಿಗೆ ಕೊಡುತ್ತದೆ, ಹೆಸರನ್ನೂ ಕಳಿಸುತ್ತದೆ, ಕಂಪ್ಯೂಟರ್ ಮಾತ್ರ ಸಹಿ ಸರಿಯಿಲ್ಲ ಅಂತ ತಿರುಗಿ ಕಳಿಸುತ್ತದೆ. ಕೀಲಿ ತಪ್ಪಾಗಿರಬೇಕು ಅಂತ ನಮ್ಮ ಮನೆಯವರು ಹೊಸ ಕೀಲಿ ಮಾಡಿದರು. ಅದೂ ಆಗಲಿಲ್ಲ. ಇನ್ನೊಂದು ಮಾಡಿದರು. ಕೀಲಿಯ ಮೇಲೆ ಕೀಲಿ. ಒಂದು ಅಕ್ಷರ ಬಿಟ್ಟಿರಬಹುದು ಅಂತ ನನ್ನನ್ನು ಕೂಡಿಸಿ ಎರಡೂ ಕಡೆಯ ಅಕ್ಷರ ಓದಿಸಿದರು. ನಾನು ಸಾಲೆಯಲ್ಲಿ ಮಗ್ಗಿ ಹೇಳಿದಂತೆ ಹೇಳಿದೆ, ಎಲ್ಲ ಸರಿಯಿತ್ತು. ಖಂಡೇನವಮಿ ಹತ್ತಿರ ಬಂತು. ಊಟಕ್ಕೆ ಕೂತರೆ ಸಾರಿಗೆ ಉಪ್ಪಿನ ಬದಲು ಸಕ್ಕರೆ ಹಾಕಿಕೊಂಡರು, ಹಾಕಿಕೊಂಡದ್ದು ಗೊತ್ತಾಗದೆ ಉಂಡರು. ನಗುವ ಮನುಷ್ಯ ನಗುವುದು ಬಿಟ್ಟರೆ ಮನೆಯ ಗೋಡೆಗಳೂ ಬೇರೆಯಾಗಿ ಕಾಣುತ್ತವೆ.

ಇದರ ನಡುವೆ ಗಡಹಿಂಗ್ಲಜದಿಂದ ಕರೆ ಬಂತು. ಅದು ನನ್ನ ತವರು. ತಮ್ಮ ಸೂರಜನಿಗೆ ಹೆಣ್ಣು ಕೂಸು ಹುಟ್ಟಿತ್ತು, ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ. ಹೆಸರನ್ನು ಕೂಸಿನ ಕಿವಿಯಲ್ಲಿ ಹೇಳಬೇಕಾದವಳು ಸೋದರತ್ತೆ, ಅಂದರೆ ನಾನು. ನಮ್ಮ ಮನೆಯವರು ತಾನು ಬರುವುದಿಲ್ಲ, ಕೀಲಿ ನೋಡುತ್ತೇನೆ ಅಂದರು. ಕೀಲಿ ನೋಡಿ ನೋಡಿ ತಲೆಯ ಕೀಲಿ ಸಡಿಲಾಗಿದೆ, ಸುಮ್ಮನೆ ಗಾಡಿ ತೆಗೀರಿ ಅಂದೆ. ತೆಗೆದರು.

ತೊಟ್ಟಿಲಿಗೆ ಹೂ ಕಟ್ಟಿತ್ತು, ಹೆಂಗಸರು ಸುತ್ತ ಕೂತಿದ್ದರು, ಅಯ್ನೋರು ಮುಹೂರ್ತ ಕೊಟ್ಟಿದ್ದರು. ನಾನು ಕೂಸನ್ನು ಎತ್ತಿಕೊಂಡು ಕಾಯುತ್ತಿದ್ದೆ. ನಮ್ಮ ಮನೆಯವರು ಗಂಡಸರ ಸಾಲಿನಲ್ಲಿ ಕೂತು ಕೈಗಡಿಯಾರ ನೋಡಿ, ಅವರ ಆ ದೊಡ್ಡ ದನಿಯಲ್ಲಿ, ಹೊತ್ತು ಆತು, ಹೇಳು ಅಂದರು. ನಾನು ಬಾಗಿದೆ. ನನ್ನ ಬೆನ್ನಿಗೆ ಗುದ್ದಲು ಹೆಂಗಸರೆಲ್ಲ ಕೈ ಎತ್ತಿದರು. ಕುರ್ರ್ ಅನ್ನುವಷ್ಟರಲ್ಲಿ ನಮ್ಮ ಅವ್ವ ಇಂದುಬಾಯಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

"ತಡಿ ಮನೀಷಾ. ಅಳಿಯಂದರ ಗಡಿಯಾರ ನಂಬಿ ಹೇಳಬ್ಯಾಡ, ಅದು ಶೆಡ್ಡಿನ ಗಡಿಯಾರ. ನಮ್ಮ ಮನ್ಯಾಗ ಇನ್ನೂ ಹೊತ್ತಾಗಿಲ್ಲ. ಹೊತ್ತು ತಪ್ಪಿ ಹೇಳಿದ ಹೆಸರು ಕೂಸು ಹಿಡಿಯಾಂಗಿಲ್ಲ."

ಎಲ್ಲರೂ ನಕ್ಕರು. ನಮ್ಮ ಮದುವೆಯ ಮಂಟಪದ ಕತೆ ಮತ್ತೊಮ್ಮೆ ಹೊರಗೆ ಬಂತು. ನಾನು ಮೆಲ್ಲಗೆ ನಮ್ಮ ಮನೆಯವರ ಕಡೆ ನೋಡಿದೆ, ಪಾಪ, ನಾಲ್ಕು ಜನರಲ್ಲಿ ನಗೆಪಾಟಲಾಯಿತು ಅಂತ. ಅವರಿಗೆ ಇದ್ಯಾವುದೂ ಕೇಳಿಸಿರಲಿಲ್ಲ. ಕೈಗಡಿಯಾರವನ್ನೇ ನೋಡುತ್ತ ಕೂತಿದ್ದರು. ಆಮೇಲೆ ಗೋಡೆಯ ಗಡಿಯಾರ ನೋಡಿದರು. ಮತ್ತೆ ಕೈಗಡಿಯಾರ. ಮೈಮೇಲೆ ದೇವರು ಬಂದಿದೆಯೇನೋ ಅಂತ ಪಕ್ಕದವರು ಸ್ವಲ್ಪ ಸರಿದು ಕೂತರು.

ಹೊತ್ತಾದ ಮೇಲೆ ನಾನು ರುತುಜಾ ಅಂತ ಹೆಸರು ಹೇಳಿದೆ, ಬೆನ್ನಿಗೆ ಸಾಕಷ್ಟು ಗುದ್ದು ತಿಂದೆ, ಕೂಸು ಒಪ್ಪಿಕೊಂಡು ಆಕಳಿಸಿತು. ಅಷ್ಟಾದದ್ದೇ ತಡ, ನಮ್ಮ ಮನೆಯವರು ನನ್ನನ್ನು ಅಡಿಗೆಮನೆಯ ಬಾಗಿಲಿಗೆ ಕರೆದು ಒಂದೇ ಉಸಿರಿನಲ್ಲಿ ಹೇಳಿದರು. ಕೀಲಿ ಸರಿಯಾಗಿಯೇ ಇದೆ. ತಪ್ಪಿದ್ದು ಹೊತ್ತು. ಪೆಟ್ಟಿಗೆ ಹೊಸದು, ಇಂಟರ್‌ನೆಟ್ಟಿನಿಂದ ಖರೇ ಹೊತ್ತು ತೆಗೆದುಕೊಳ್ಳುತ್ತದೆ. ಸಹಿಯ ಜೊತೆ ಹೊತ್ತನ್ನೂ ಬರೆದು ಕಳಿಸುತ್ತದೆ. ಆಫೀಸಿನ ಕಂಪ್ಯೂಟರ್ ಮಾತ್ರ ಶೆಡ್ಡಿನ ಹೊತ್ತಿನಲ್ಲಿದೆ. ಈಗ ತಾನೇ ಹಾಕಿದ ಸಹಿ ಅದಕ್ಕೆ ಹಳೆಯದಾಗಿ ಕಾಣುತ್ತದೆ. ಯಾರೋ ಹಳೆಯ ಚೀಟಿ ಕದ್ದು ಈಗ ತಂದು ತೋರಿಸುತ್ತಿದ್ದಾರೆ ಅಂತ ತಿಳಿದು ಹೊರಗೆ ಹಾಕುತ್ತದೆ. ಐದು ನಿಮಿಷದ ಹೆಚ್ಚುಕಡಿಮೆ ಅದು ನಡೆಸಿಕೊಳ್ಳುತ್ತದೆ, ಹದಿನೈದು ನಡೆಸಿಕೊಳ್ಳುವುದಿಲ್ಲ. ಆ ಕಂಪ್ಯೂಟರಿನ ಗಡಿಯಾರವನ್ನು ಮುಂದಿಟ್ಟು, ಅದು ತಾನಾಗಿ ಸರಿಹೋಗದಂತೆ ಬಂದ್ ಮಾಡಿದವರು ಯಾರು? ನಮ್ಮ ಮನೆಯವರೇ, ಮಾಲಕರ ಹುಕುಮಿನ ಮೇಲೆ, ಎಷ್ಟೋ ವರ್ಷದ ಹಿಂದೆ.

ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಇವರದು ಅದೇ ಆಯಿತು. ಕೂಸನ್ನು ಬಗಲಿನಲ್ಲೂ ಅಲ್ಲ, ಮಣಿಕಟ್ಟಿಗೇ ಕಟ್ಟಿಕೊಂಡಿದ್ದರು. ಈಗಲೇ ಇಚಲಕರಂಜಿಗೆ ಹೊರಡುತ್ತೇನೆ ಅಂದರು. ಹೋಳಿಗೆ ಉಣ್ಣದೆ ಅಳಿಯ ಹೊಸ್ತಿಲು ದಾಟಿದರೆ ನೋಡು ಅಂತ ನಮ್ಮ ಅವ್ವ ಬಾಗಿಲಲ್ಲಿ ನಿಂತಳು. ಉಂಡರು. ಉಪ್ಪಿನ ಜಾಗದಲ್ಲಿ ಉಪ್ಪನ್ನೇ ಹಾಕಿಕೊಂಡು, ನಗುತ್ತ, ಕೇಳಿ ಕೇಳಿ ಹಾಕಿಸಿಕೊಂಡು ಉಂಡರು. ನನಗೆ ಅಂದು ಎಷ್ಟು ಸಂತೋಷ ಆಯಿತು ಅಂದರೆ, ಅವರ ತಾಟಿನಲ್ಲಿ ಮತ್ತೆರಡು ಹೋಳಿಗೆ ನಾನೇ ಕದ್ದು ಇಟ್ಟೆ.

ರೋಗ ಸಿಕ್ಕಿತು, ಮದ್ದು ಸಿಕ್ಕಲಿಲ್ಲ. ಕಂಪ್ಯೂಟರಿನ ಗಡಿಯಾರ ಸರಿಮಾಡುತ್ತೇನೆ ಅಂದರೆ ಬಾಪೂಸಾಹೇಬರು ಸುತರಾಂ ಒಪ್ಪಲಿಲ್ಲ. ಹಾಜರಿಯ ಯಂತ್ರ, ಭೋಂಗಾ ಎಲ್ಲ ಅದರಿಂದಲೇ ಹೊತ್ತು ತೆಗೆದುಕೊಳ್ಳುತ್ತವೆ. "ವಡೀಲಾಂನೀ ಇಟ್ಟ ಘಡ್ಯಾಳ ಅದು. ಅದನ್ನ ಮುಟ್ಟಬ್ಯಾಡ," ಅಂದರು. ತಂದೆ ಇಟ್ಟ ಹೆಸರು ಉಳಿಸಬೇಕಾದರೆ ತಂದೆ ಇಟ್ಟ ಗಡಿಯಾರ ಬದಲಿಸಬೇಕು. ಹುಚ್ಚು ಬಿಟ್ಟ ಹೊರತು ಮದುವೆ ಆಗುವುದಿಲ್ಲ, ಮದುವೆ ಆದ ಹೊರತು ಹುಚ್ಚು ಬಿಡುವುದಿಲ್ಲ.

ನಮ್ಮ ಮನೆಯವರು ಕಂಪ್ಯೂಟರ್ ಮುಂದೆ ಕೂತು ತಲೆ ಕೆರೆದುಕೊಂಡರು. ಒಳಗಿನ ಹೊತ್ತು ಜಗತ್ತಿಗೆಲ್ಲ ಒಂದೇ, ಸಹಿಗೆ ಅದೇ ಸಾಕು, ನಾವು ನೋಡುವುದು ದೇಶಕ್ಕೆ ತಕ್ಕಂತೆ ಹೊರಗೆ ತೋರಿಸುವ ಹೊತ್ತು ಅಂತ ಹೇಳುತ್ತ ದೇಶಗಳ ಹೆಸರು ಸರಿಸುತ್ತ ಹೋದರು. ನಾನು ಹಿಂದೆ ನಿಂತು ಚಾ ಕುಡಿಯುತ್ತಿದ್ದೆ. ಡಿಸೈನ್ ಕೆಲಸದವರಿಗೆ ಕಣ್ಣು ಸುಮ್ಮನೆ ಸಾಲುಗಳ ಮೇಲೆ ಓಡುತ್ತದೆ. ನಮ್ಮ ದೇಶದ ಮುಂದೆ ಐದೂವರೆ ತಾಸು ಅಂತಿತ್ತು. ಸ್ವಲ್ಪ ಕೆಳಗೆ ಒಂದು ಊರಿನ ಮುಂದೆ ಐದೂ ಮುಕ್ಕಾಲು.

"ರೀ, ಈ ಕಾಠಮಾಂಡೂದವರು ನಮ್ಮಕಿಂತ ಪಾವ ತಾಸು ಮುಂದ ಅದಾರ ನೋಡ್ರಿ," ಅಂದೆ.

ಅವರು ನೋಡಿದರು. ನಿಧಾನಕ್ಕೆ ನನ್ನ ಕಡೆ ತಿರುಗಿದರು. ಆಮೇಲೆ ನಗಲು ಶುರುಮಾಡಿದರು. ಶೆಡ್ಡಿನ ಸಪ್ಪಳದ ಮೇಲೂ ಕೇಳಿಸುವಂಥ ನಗು. ಕಣ್ಣಲ್ಲಿ ನೀರು ಬಂದು, ಕೆಮ್ಮು ಬಂದು, ನಾನು ಬೆನ್ನು ತಟ್ಟಬೇಕಾಯಿತು. ಬಾಪೂಸಾಹೇಬರ ತಂದೆ ಇಷ್ಟು ವರ್ಷ ಇಚಲಕರಂಜಿಯ ನೇಕಾರರನ್ನು ನೇಪಾಳದ ಹೊತ್ತಿಗೆ ದುಡಿಸಿದ್ದರು! ಕಂಪ್ಯೂಟರಿನ ಒಳಗಿನ ಗಡಿಯಾರ ಖರೇ ಹೊತ್ತಿಗೆ ಬಂತು, ಹೊರಗೆ ತೋರಿಸಲು ಊರು ಕಾಠಮಾಂಡು ಅಂತ ಬರೆದದ್ದಾಯಿತು. ಪರದೆಯ ಮೇಲೆ ಅದೇ ಹದಿನೈದು ನಿಮಿಷ ಮುಂದೆ, ಭೋಂಗಾ ಅದೇ ಹೊತ್ತಿಗೆ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಒಂದು ಮಗ್ಗ ಬಂದ್ ಮಾಡಿ ಚಾಲೂ ಮಾಡಿದರು. ಅದರ ಹೆಸರು, ಯಾರೂ ಮುಟ್ಟದೆ, ಪರದೆಯ ಮೇಲೆ ಬಂದು ಕೂತಿತು.

ಖಂಡೇನವಮಿಯ ದಿನ ಇಚಲಕರಂಜಿಯಲ್ಲಿ ಕಿವಿಗೆ ಏನೋ ಕಳೆದುಕೊಂಡಂತೆ ಆಗುತ್ತದೆ, ಊರಿಗೆ ಊರೇ ಸಪ್ಪಳ ನಿಲ್ಲಿಸಿರುತ್ತದೆ. ನಾವು ಮಗ್ಗಗಳನ್ನು ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದೆವು. ನಮ್ಮ ಮನೆಯವರು ಪೆಟ್ಟಿಗೆಯನ್ನೂ ಕಂಪ್ಯೂಟರನ್ನೂ ಬಂದ್ ಮಾಡಿ ಅಕ್ಕಪಕ್ಕ ಇಟ್ಟು ಪೂಜೆ ಮಾಡಿದರು. ಇಬ್ಬರ ಜಗಳ ಬಿಡಿಸಿದ ಹಿರಿಯರಂತೆ ಅವರ ಮುಖದಲ್ಲಿ ಒಂದು ತೃಪ್ತಿ ಇತ್ತು.

ದಸರಾ ಬೆಳಿಗ್ಗೆ ಡಿಸೈನ್ ಕೋಣೆಯಲ್ಲಿ ಜನ ಹಿಡಿಯಲಿಲ್ಲ. ಬಾಪೂಸಾಹೇಬರು ಪರದೆಯ ಮುಂದೆ ಕೈ ಕಟ್ಟಿ ನಿಂತರು. ಅವರ ಮಗ್ಗುಲಿಗೆ ಅನ್ನವ್ವ, ಹೊಸ ಇಳಕಲ್ ಸೀರೆ ಉಟ್ಟು, ಪರದೆಗೆ ಮೂಗು ತಾಗುವಷ್ಟು ಹತ್ತಿರ. ಪೇಂಟರನೂ ಬಂದು ಗೇಟಿನ ಹತ್ತಿರ ಕೂತಿದ್ದ. ಮಾಲಕರು ಮಾತಿಗೆ ತಪ್ಪುವವರಲ್ಲ. ಮೇನ್ ಸ್ವಿಚ್ ಹಾಕಿದರು. ಸಪ್ಪಳ ಒಂದೊಂದಾಗಿ ಎದ್ದಿತು. ನಮ್ಮ ಮನೆಯವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು, ತಾನು ಮುಟ್ಟಲಿಲ್ಲ ಅನ್ನುವುದಕ್ಕೆ ಸಾಕ್ಷಿ.

ಹೆಸರುಗಳು ಬರತೊಡಗಿದವು. ಗಂಗವ್ವ. ಕಲಾವತಿ. ಜನಾಬಾಯಿ. ಚಂಪಾಬಾಯಿ ಬಂದಾಗ ನಮ್ಮ ಮನೆಯವರು ಒಂದು ಹೆಜ್ಜೆ ಪರದೆಯ ಹತ್ತಿರ ಸರಿದರು. ಹೊರಗೆ ನಿಂತ ಮಗ್ಗಗಳ ಮೇಸ್ತ್ರಿ, ಜಾಬರ್, ದೀಪ ಹತ್ತಿದ ಮಗ್ಗದ ಮೇಲಿನ ಹೆಸರು ಕೂಗುತ್ತಿದ್ದ, ಒಳಗಿನದಕ್ಕೆ ತಾಳೆಯಾಗುತ್ತಿತ್ತು. ಒಂದೂ ತಪ್ಪಲಿಲ್ಲ. ಎಲ್ಲ ಬಂದವು, ಒಂದು ಬಿಟ್ಟು.

ಅನ್ನವ್ವ ಬರಲಿಲ್ಲ.

ಸ್ವಲ್ಪ ಹೊತ್ತು ಕಾಯ್ದೆವು. ಬರಲಿಲ್ಲ. ಬಾಪೂಸಾಹೇಬರು ಉಸಿರು ಬಿಟ್ಟರು, ಬೇಸರದ ಉಸಿರು. ನಮ್ಮ ಮನೆಯವರ ಮುಖ ಸುಣ್ಣದ ಗೋಡೆಯಾಯಿತು. ಅನ್ನವ್ವ ಪರದೆಯಿಂದ ಮುಖ ತೆಗೆಯಲೇ ಇಲ್ಲ. "ಇರ್ಲಿ ಬಿಡೋ ಸಿದ್ರಾಮ, ನಿಮ್ಮವ್ವಂದು ಬಂತಲ್ಲ," ಅಂದಳು. ಆ ಮಾತಿಗೆ ನನಗೆ ಅಳು ಬಂದು, ಅದನ್ನು ಯಾರಿಗೂ ತೋರಿಸಬಾರದು ಅಂತ ಗಾಜಿನಿಂದ ಶೆಡ್ಡಿನ ಕಡೆ ಮುಖ ತಿರುಗಿಸಿದೆ. ಎಲ್ಲ ಮಗ್ಗಗಳ ಮೇಲೂ ಹಸಿರು ದೀಪ ಇತ್ತು. ಒಂದರ ಮೇಲೆ ಇರಲಿಲ್ಲ.

ಆ ಮಗ್ಗವನ್ನು ಯಾರೂ ಚಾಲೂ ಮಾಡಿಯೇ ಇರಲಿಲ್ಲ. ದಸರಾ ಬೆಳಿಗ್ಗೆ ಮಗ್ಗದ ಮೊದಲ ಗುಂಡಿ ಒತ್ತುವುದು ಅದರ ಹೆಸರಿನವಳು, ಅದು ಮೊದಲಿನಿಂದ ಬಂದದ್ದು. ಉಳಿದವರು ಯಾರೂ ಈಗ ಇಲ್ಲವಾದ್ದರಿಂದ ಅವರವರ ನೇಕಾರರು ಒತ್ತುತ್ತಾರೆ. ಅನ್ನವ್ವನದನ್ನು ಮಾತ್ರ ಅನ್ನವ್ವನೇ ಒತ್ತಬೇಕು, ಬೇರೆಯವರು ಕೈ ಹಚ್ಚುವುದಿಲ್ಲ. ಅವಳು ಹೆಸರು ಬರಲಿ ಅಂತ ಇಲ್ಲಿ ಕಾಯುತ್ತಿದ್ದಳು, ಮಗ್ಗ ಅವಳು ಬರಲಿ ಅಂತ ಅಲ್ಲಿ ಕಾಯುತ್ತಿತ್ತು.

"ಮಾವಶಿ, ನೀವು ಹೋಗಿ ಗುಂಡಿ ಒತ್ತಲಾರದ ಅದು ಹೆಂಗ ಬಂದೀತ್ರಿ?" ಅಂದೆ.

ಕೋಣೆಯಲ್ಲಿ ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಮೊದಲು ನಕ್ಕವರು ಬಾಪೂಸಾಹೇಬರು. ಅನ್ನವ್ವ ಮೊಣಕಾಲು ಹಿಡಿದುಕೊಂಡು, ಇಳಕಲ್ ಸೀರೆಯ ನಿರಿಗೆ ಎತ್ತಿಕೊಂಡು, ಸಾಧ್ಯವಾದಷ್ಟು ಬೇಗ ಹೋದಳು. ಗುಂಡಿ ಒತ್ತಿದಳು. ಹಸಿರು ದೀಪ ಹತ್ತಿತು. ಪರದೆಯ ಕೊನೆಯ ಸಾಲಿನಲ್ಲಿ ಅವಳ ಹೆಸರು ಬಂದು ನಿಂತಿತು.

ಅವಳು ಮರಳಿ ಬರುವವರೆಗೆ ಯಾರೂ ಆ ಕೋಣೆ ಬಿಡಲಿಲ್ಲ. ಅಕ್ಷರ ಇಂಗ್ಲಿಷಿನವು, ಅವಳಿಗೆ ಬರುವುದಿಲ್ಲ. ನಮ್ಮ ಮನೆಯವರು ಅವಳ ಬೆರಳು ಹಿಡಿದು ಪರದೆಯ ಮೇಲೆ ಇಟ್ಟು, ಇದೇ ನೀನು ಅಂತ ತೋರಿಸಿದರು. ಬಾಪೂಸಾಹೇಬರು ಮೊದಲು ಅವಳಿಗೆ ಬನ್ನಿ ಕೊಟ್ಟು ನಮಸ್ಕಾರ ಮಾಡಿದರು, ಆಮೇಲೆ ಗೇಟಿಗೆ ಹೋಗಿ ಪೇಂಟರನಿಗೂ ಬನ್ನಿ ಕೊಟ್ಟು ಕಳಿಸಿಬಿಟ್ಟರು. ಅನ್ನವ್ವ ಬೆರಳು ತೆಗೆಯಲಿಲ್ಲ.

"ಲೈಟ್ ಹೋದ್ರೂ ಬರ್ತೈತೇನೋ?" ಅಂತ ಕೇಳಿದಳು.

"ಬರ್ತೈತಿ ಮಾವಶಿ."

"ಕಾರ್ಡ ಬದ್ಲಿ ಮಾಡಿದ್ರ?"

"ಆದ್ರೂ ಬರ್ತೈತಿ."

"ಒಂದಿನ ನಾ ಬರಲಿಲ್ಲಂದ್ರ?"

ಅವಳು ಇಷ್ಟು ವರ್ಷ ಆ ಮೊಣಕಾಲು ಎಳೆದುಕೊಂಡು ದಿನಾ ಯಾಕೆ ಬರುತ್ತಿದ್ದಳು ಅಂತ ನಮಗೆಲ್ಲ ಒಮ್ಮೆಗೇ ಹೊಳೆಯಿತು.

"ನೀ ಬರದಿದ್ರೂ ಬರ್ತೈತಿ ಮಾವಶಿ. ಆ ಗುಂಡಿ ವರ್ಷಕ್ಕೊಮ್ಮೆ ನೀ ಒತ್ತಿದ್ರ ಸಾಕು. ಆಮ್ಯಾಲ ಯಾರ ಒತ್ತಿದ್ರೂ ಅದು ನಿನ್ನ ಹೆಸರ ಹೇಳ್ತೈತಿ."

ಅನ್ನವ್ವ ತಲೆ ಆಡಿಸಿದಳು. ಬೆರಳು ತೆಗೆದು, ಪರದೆಯ ಮೇಲಾದ ಗುರುತನ್ನು ಸೆರಗಿನಿಂದ ಒರೆಸಿದಳು.

"ಹಂಗಾರ ನಾಳೆ ನಾ ಬರೂದಿಲ್ಲಪಾ. ಚಂದಗಡದಾಗ ನಮ್ಮ ತಂಗಿ ಅದಾಳ, ಕರದ ಕರದ ಸಾಕಾಗ್ಯಾಳ. ಹೋಗಿ ನಾಕ ದಿನ ಇದ್ದು ಬರ್ತೇನಿ."

ಮರುದಿನ ಸ್ಟೂಲು ಖಾಲಿ ಇತ್ತು. ನಾನು "ಅನ್ನವ್ವ" ಎಂದು ಒತ್ತಿ ಸೀರೆಯ ಬುಟ್ಟಾ ಕಳಿಸಿದೆ. ಅದು ಅವಳ ಮಗ್ಗಕ್ಕೇ ಹೋಯಿತು.